ಎರಡನೇ ಸಲದ ಬ್ಯೂಗಲ್

ನವೆಂಬರ್ ೫, ಬುಧವಾರ

ಅರಬೈಲಿನ ಮದುವೆಗೆ ಬಾಡಿಗೆಗೆ ಹೋದ ಶಾಮಿಯಾನ ವಾಪಸ್ ಬಂತು. ಒಂದು ಮೂಲೆ ಹರಿದಿದೆ. ಯಾರನ್ನು ಕೇಳಿದರೂ "ಗಾಳಿ". ಗಾಳಿಗೆ ಬ್ಲೇಡಿನ ಹರಿತ ಯಾವಾಗ ಬಂತೋ.

ರಘುಪತಿಯವರು ಅಂಗಡಿಗೆ ಬಂದಿದ್ದರು. ಸ್ಮರಣಾ ಸಮಿತಿಯ ಅಧ್ಯಕ್ಷರು. ಭಾನುವಾರ ನವೀನನ ಕಾರ್ಯಕ್ರಮ. ನನ್ನ ತಮ್ಮ, ಸೈನಿಕ; ಗಡಿಯಲ್ಲಿ ಹಿಮದಡಿ ಸಿಕ್ಕಿ ಹೋಗಿ ಮೂರು ವರ್ಷ.

"ಶಾಮಿಯಾನ, ಕುರ್ಚಿ, ಮೈಕು ನಿಂದೇ ಅಲ್ವನೇ ಅನುಶ್ರೀ. ಶ್ರದ್ಧಾಂಜಲಿಗೆ ಊದೂ ಬ್ಯೂಗಲ್ ಮೊಬೈಲಲ್ಲಿ ಹಾಕಿದ್ರೆ ಆಯ್ತು."

"ಹೋದ ವರ್ಷ ಹಾಕಿದ್ರಲ್ಲ. ಅರ್ಧಕ್ಕೆ ಬನಿಯನ್ ಜಾಹೀರಾತು ಬಂತು. ಅಷ್ಟೂ ಜನ ಅಟೆನ್ಷನ್‌ನಲ್ಲಿ ನಿಂತು ಬನಿಯನ್‌ಗೆ ಗೌರವ ಕೊಟ್ರು."

ನಗಲಿಲ್ಲ ಅವರು. ನಗಲಿ ಅಂತ ನಾನೂ ಹೇಳಿರಲಿಲ್ಲ. ಶಿರಸಿಯ ಬ್ಯಾಂಡ್‌ಸೆಟ್ಟಿನ ಶಿವಲಿಂಗಪ್ಪನವರಿಗೆ ಆಗಲೇ ಫೋನ್ ಮಾಡಿದ್ದೇನೆ. ಮೊದಲು ಮಿಲಿಟರಿ ಬ್ಯಾಂಡಿನಲ್ಲಿದ್ದವರು.

ನವೆಂಬರ್ ೭

ಅವ್ವನಿಗೆ ಸನ್ಮಾನದ ಶಾಲು ಬೇಡವಂತೆ. ಮುಂದಿನ ಸಾಲಿನ ಕುರ್ಚಿಯೂ ಬೇಡ, ಹಿಂದೆಯೇ ಕೂರುತ್ತಾಳಂತೆ.

"ಬ್ಯೂಗಲ್ಲನ್ನ ಪೂರ್ತಿ ಕೇಳ್ಬೇಕು. ಮನ್ಷ ಊದಿದ್ದು. ನಂಗೆ ಬೇಕಾದ್ದು ಅಷ್ಟೇಯ. ನವೀನ ಒಂದ್ಸಲ ಫೋನಲ್ಲಿ ಕೇಳ್ಸಿದ್ದ. ಇದು ಊದಿದ್ ಮೇಲೆ ದಿನ ಮುಗೀತು ಅವ್ವಾ, ಇನ್ನು ಬೆಳಗಿನ ತನಕ ಯಾರೂ ಕರೆಯೂ ಹಾಂಗಿಲ್ಲ, ಅಂದಿದ್ದ."

ಮಾತಾಡಿಯೇ ಅಂಗಡಿ ಕಟ್ಟಿದವಳು ನಾನು. ಎದ್ದು ಹೋಗಿ ಅವಳ ಸೀರೆಗೆ ಇಸ್ತ್ರಿ ಹಾಕಿದೆ.

ನವೆಂಬರ್ ೯, ಭಾನುವಾರ

ಪೆನ್ನಿನ ಮೊನೆ ಹಾಳೆ ಹರಿಯುತ್ತಿದೆ. ಸಿಟ್ಟಿಗೆ.

ಆಮಂತ್ರಣದಲ್ಲಿ ಐದು ಗಂಟೆ ಅಂತ ಛಾಪಿಸಿದ್ದು. ಮುಖ್ಯ ಅತಿಥಿಯ ಪತ್ತೆ ಇಲ್ಲ. ಬೆಳಕು ಇಳಿಯುತ್ತಿತ್ತು. ಕಾದದ್ದು ಸಾಕೆಂದು ಶಿವಲಿಂಗಪ್ಪನವರಿಗೆ ನಾನೇ ಸನ್ನೆ ಮಾಡಿದೆ. ಊದಿದರು. ಪೂರ್ತಿ. ಹೆದ್ದಾರಿಯಲ್ಲಿ ಲಾರಿಯವನೊಬ್ಬ ಎಂಜಿನ್ ಆಫ್ ಮಾಡಿದ. ಅವ್ವ ಯಾರ ಕೈಯನ್ನೂ ಹಿಡಿಯದೆ ನೆಟ್ಟಗೆ ನಿಂತಿದ್ದಳು. ಮೌನಾಚರಣೆಯೂ ಮುಗಿದ ಮೇಲೆ ಕೂತಳು. "ಆಯ್ತು," ಅಂದಳು. ಮೂರು ವರ್ಷದಿಂದ ಬಿಗಿದೇ ಇದ್ದ ಭುಜ ಆಗ ಇಳಿಯಿತು.

ಅಷ್ಟರಲ್ಲಿ ಅತಿಥಿಯ ಕಾರು ಬಂತು.

ರಘುಪತಿ ಓಡಿ ಬಂದರು. "ಇನ್ನೊಂದ್ಸಲ ಊದ್ಸು ಮಾರಾಯ್ತಿ. ಅವ್ರ ಎದುರಿಗೆ ಆಗ್ಲಿಲ್ಲ ಅಂದ್ರೆ ಹ್ಯಾಂಗೆ? ಫೋಟೋನೂ ಇಲ್ಲ."

ಶಿವಲಿಂಗಪ್ಪನವರು ಬ್ಯೂಗಲ್ಲನ್ನು ಚೀಲಕ್ಕೆ ಹಾಕಿದರು. "ಇದೇನ್ ಮದುವಿ ಮೆರವಣಿಗಿ ಏನ್ರಿ, ಬೀಗರು ತಡಾ ಮಾಡಿದ್ರಂತ ಮತ್ತ ಊದಾಕ?"

ರಘುಪತಿ ಹಾಕಿಯೇ ಹಾಕಿದರು... ಮೊಬೈಲಿನಲ್ಲಿ. ನನ್ನದೇ ಮೈಕಿಗೆ ಹಿಡಿದು. ಎಲ್ಲರೂ ಎದ್ದರು. ಕ್ಯಾಮೆರಾ ಬರುವ ತನಕ ಕಾದು ಅತಿಥಿ ಕಣ್ಣು ಮುಚ್ಚಿದರು. ಅವ್ವ ಏಳಲಿಲ್ಲ.

ಪಕ್ಕದಲ್ಲಿದ್ದವನೊಬ್ಬ, ಯಾರೋ ಹೊರಗಿನವ— "ಏಳಿ ಅಜ್ಜಿ. ಹುತಾತ್ಮರಿಗೆ ಮರ್ಯಾದೆ ಕೊಡೂಕೆ ಬರೂದಿಲ್ವಾ?"

ಮೈಕಿನ ವೈರು ಕಿತ್ತೆ. ಆದರೆ ಅಷ್ಟು ಹೊತ್ತಿಗೆ ಅವನು ವಿಡಿಯೋ ಮಾಡಿ ಆಗಿತ್ತು.

ನವೆಂಬರ್ ೧೧

ವಾಟ್ಸಾಪಿನ ತುಂಬ ಅವ್ವ. ನಿಂತ ಊರು, ಕೂತ ಅವ್ವ. ಕೆಳಗೆ: "ಯೋಧನಿಗೆ ಅವಮಾನ ಮಾಡಿದ ಮಹಿಳೆ." ಸಿದ್ದಾಪುರದ ಗುಂಪೊಂದರಿಂದ ನನಗೇ ಫಾರ್ವರ್ಡ್ ಬಂದಿದೆ. ಹೆತ್ತವಳಿಗೆ ದೇಶಭಕ್ತಿಯ ಪಾಠ. ಹೇಳಿಕೊಡುವವರಲ್ಲಿ ನನ್ನ ಕುರ್ಚಿ ಒಯ್ದು ಇವತ್ತಿಗೂ ವಾಪಸ್ ಕೊಡದವನೂ ಇದ್ದಾನೆ.

ನವೆಂಬರ್ ೧೨, ಸಂಜೆ

ರಘುಪತಿಯವರ ಫೋನ್. ಸಮಿತಿಯ ಹೆಸರು ಹಾಳಾಗುತ್ತಿದೆಯಂತೆ.

"ಅವ್ಳು ನವೀನನ ತಾಯಿ ಅಂತ ನೀವೇ ಹೇಳಿ."

"ಹೇಳಿದ್ರೆ, ಮತ್ತೆ ಎಂತಕ್ಕೆ ಎದ್ದಿಲ್ಲ ಅಂತ ಕೇಳ್ತಾರೆ. ಅತಿಥಿಗಳ ಹೆಸರು ಬರ್ತದೆ. ಮೊಣಕಾಲು ನೋವಿತ್ತು ಅಂತ ಎರಡು ಸಾಲು ಬರೆದು ಹಾಕು. ಮುಗೀತದೆ."

ಬಾವಿಯಿಂದ ಕೊಡ ಹೊತ್ತು ಮೆಟ್ಟಿಲು ಹತ್ತಿ ಬಂದ ಅವ್ವನಿಗೆ ಹೇಳಿದೆ. ಕೊಡ ಇಳಿಸಿದಳು.

"ನನ್ನ ಮೊಣಕಾಲು ಗಟ್ಟಿ ಅದೆ ಅಂತ ಬರಿ."

"ಆಮೇಲೆ?"

"ನಿನ್ನ ಮಾತು ಸೇರ್ಸ್‌ಬ್ಯಾಡ. ನಾ ಹೇಳಿದಷ್ಟು ಬರಿ."

ಗುಂಪಿಗೆ ಹಾಕುವ ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅವ್ವ ಎದುರಿಗೇ ನಿಂತಿದ್ದಾಳೆ.

ನಾನು ದುರ್ಗಮ್ಮ. ನವೀನನ ತಾಯಿ. ನನ್ನ ಮೊಣಕಾಲು ಗಟ್ಟಿ ಇವೆ. ಭಾನುವಾರ ನನ್ನ ಮಗನಿಗೆ ಎದ್ದು ನಿಂತಿದ್ದೆ. ಎರಡನೇ ಸಲ ನೀವೆಲ್ಲ ಎದ್ದು ನಿಂತದ್ದು ಯಾರಿಗೆ ಅಂದರೆ, ತಡವಾಗಿ ಬಂದ ಕಾರಿಗೆ.