ತಿಗನಾರೆಯ ರಾಗಿ ಕುಯ್ದ ವಿದೇಶಿ ಕೈ

ವಿದೇಶಿ ಹಣದ ವಿಚಾರಣೆ ನಡೆಸಿದ ಮಾನ್ಯ ಅಧಿಕಾರಿಗಳೇ,

ನಮ್ಮ ತಿಗನಾರೆಯ ಪಂಚಾಯಿತಿ ಚುನಾವಣೆಯಲ್ಲಿ ವಿದೇಶಿ ಕೈವಾಡವಿತ್ತು ಎಂದು ನೀವು ಬರೆದ ವರದಿ ನಮ್ಮ ಊರನ್ನು ಒಡೆದುಹಾಕಿದೆ. ಆ ವಿದೇಶಿ ಕೈಯನ್ನು ನಾನು ಹಿಡಿದು ನೋಡಿದ್ದೇನೆ. ಅದರ ತೋರುಬೆರಳಿಗೆ ಕುಡುಗೋಲು ತಾಗಿ ರಕ್ತ ಬಂದಿತ್ತು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿದವಳು ನಾನೇ.

ಚುನಾವಣೆಗೆ ನಿಂತವನು ನನ್ನ ಮೈದುನ ವೃಷಭೇಂದ್ರ. ಅವನ ಬೆನ್ನಿಗೆ ಯಾವ ಪಕ್ಷವೂ ಇರಲಿಲ್ಲ. ಆನೆಗಳು ಹೊಲಕ್ಕೆ ನುಗ್ಗದಂತೆ ಕಾಡಂಚಿನಲ್ಲಿ ಕಂದಕ ತೋಡಿಸಬೇಕು ಎಂಬ ಒಂದೇ ಮಾತು ಹಿಡಿದು ನಿಂತ. ಆ ಕಂದಕಕ್ಕಾಗಿ ಆರು ವರ್ಷದಲ್ಲಿ ಒಂಬತ್ತು ಮನವಿ ಬರೆದುಕೊಟ್ಟಿದ್ದೇವೆ, ಒಂದಕ್ಕೂ ಉತ್ತರವಿಲ್ಲ. ವಿದೇಶಿ ಹಣದ ಬಗ್ಗೆ ಯಾರೋ ಮೂಗರ್ಜಿ ಹಾಕಿದ್ದೇ ತಡ, ಹನ್ನೊಂದನೇ ದಿನಕ್ಕೆ ನಿಮ್ಮ ಜೀಪು ನಮ್ಮ ಅಂಗಳದಲ್ಲಿತ್ತು. ನಮ್ಮ ಆನೆಗಳಿಗೂ ಒಂದೊಂದು ಪಾಸ್‌ಪೋರ್ಟ್ ಮಾಡಿಸಿದ್ದರೆ ಕಂದಕ ಎಂದೋ ಆಗುತ್ತಿತ್ತೇನೋ.

ಪ್ರಚಾರ ನಡೆದದ್ದು ರಾಗಿ ಕುಯಿಲಿನ ಕಾಲದಲ್ಲಿ. ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನಿಮ್ಮ ಹೊಲಕ್ಕೆ ನಾನು ಬಂದರೆ, ನಾಳೆ ನನ್ನ ಹೊಲಕ್ಕೆ ನೀವು. ಕೂಲಿಯ ಮಾತಿಲ್ಲ, ಊಟ ಮಾತ್ರ ಹೊಲದವರದು. ವೃಷಭೇಂದ್ರ ಮನೆಮನೆ ಸುತ್ತುವಾಗ ಅವನ ರಾಗಿಯನ್ನು ಊರವರು ಕುಯ್ದರು. ಅವನ ಜೊತೆ ಸುತ್ತಿದವರ ರಾಗಿಯನ್ನು ಉಳಿದವರು ಕುಯ್ದರು. ಆಗ ನಮ್ಮ ಮನೆಯಲ್ಲಿ ದೂರದೇಶದ ಹುಡುಗಿಯೊಬ್ಬಳಿದ್ದಳು. ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬದ ಬಗ್ಗೆ ಓದಿ ಬರೆಯಲು ಬಂದವಳು, ಹಬ್ಬ ಮುಗಿದ ಮೇಲೂ ಉಳಿದುಕೊಂಡಿದ್ದಳು. ಮುದ್ದೆಯನ್ನು ನುಂಗದೆ ಅಗಿದು ತಿಂದು ನಮ್ಮನ್ನೆಲ್ಲ ನಗಿಸಿದಳು. ಒಂದು ದಿನ ಸುಮ್ಮನೆ ಕೂರಲಾರದೆ ಕುಡುಗೋಲು ಹಿಡಿದು ವೃಷಭೇಂದ್ರನ ಹೊಲಕ್ಕಿಳಿದಳು. ಸಂಜೆವರೆಗೆ ಅವಳು ಕುಯ್ದದ್ದು ಒಂದು ಹಸುವಿನ ಹೊಟ್ಟೆಗೂ ಸಾಲದು. ಆದರೂ ಅವಳದು ಒಂದಾಳು ಎಂದೇ ನಾವು ಲೆಕ್ಕಕ್ಕೆ ಹಿಡಿದೆವು.

ನೀವು ಬಂದು, ಅವನ ಪರವಾಗಿ ಯಾರ್ಯಾರು ದುಡಿದಿರಿ ಎಂದು ಕೇಳಿದಿರಿ. ನೆರೆಮನೆಯ ರಂಗಸ್ವಾಮಣ್ಣ (ಅವರನ್ನು ಕೇಳಿಯೇ ಹೆಸರು ಬರೆಯುತ್ತಿದ್ದೇನೆ) ಬೆರಳು ಮಡಿಸುತ್ತ ಇಪ್ಪತ್ತಮೂರು ಹೆಸರು ಹೇಳಿ ನಿಲ್ಲಿಸಿದರು. ಬಾಗಿಲ ಬಳಿ ನಿಂತಿದ್ದ ನಾನು ಸುಮ್ಮನಿರಬೇಕಿತ್ತು.

“ಅಣ್ಣೋ, ಆ ಉಡ್ಗಿ ಎಸ್ರು ಬುಟ್ಬುಟ್ಟಲ್ಲ” ಎಂದೆ.

“ಅಯ್ಯೋ, ಊಂ ಕಣವ್ವ! ಬರ್ಕೊಳಿ ಸಾರ್, ಅವ್ಳೂ ಒಂದಿನ ಕುಯ್ದವ್ಳೆ. ಗೇದೋರ್ ಎಸ್ರ ಬುಡಬಾರ್ದು, ಪಾಪ ಬತ್ತದೆ.”

ನೀವು ಬರೆದುಕೊಂಡಿರಿ. ನಾನು ಕೊಟ್ಟ ಮಜ್ಜಿಗೆಯನ್ನೂ ಕುಡಿದಿರಿ. ಆಮೇಲೆ ಬಂದ ವರದಿ ಹೀಗಿತ್ತು: ‘ವಿದೇಶಿ ಪ್ರಜೆಯೊಬ್ಬರ ಸಕ್ರಿಯ ನೆರವು ರುಜುವಾತಾಗಿದೆ. ಇಷ್ಟು ಜನ ಕೂಲಿ ಪಡೆಯದೆ ದುಡಿದರೆಂಬುದು ನಂಬಲರ್ಹವಲ್ಲ. ಸದರಿ ಕೂಲಿ ವಿದೇಶದಿಂದ ಸಂದಾಯವಾಗಿರುವ ಸಂಭವವಿದೆ.’

ಹೊರದೇಶದ ದುಡ್ಡು ನಮ್ಮ ಮತವನ್ನು ಕೊಳ್ಳಬಾರದು, ಅದನ್ನು ತಡೆಯುವುದು ನಿಮ್ಮ ಧರ್ಮ. ಒಪ್ಪುತ್ತೇನೆ. ಹಾಗಾದರೆ ಪ್ರಚಾರದ ಆ ಮೂರು ವಾರ ನಮ್ಮ ಪೇಟೆ ತಾಳವಾಡಿಯ ಬೀದಿಯಲ್ಲಿ ಸಾಲುಗಟ್ಟಿದ್ದ ಹೊಸ ಕಾರುಗಳಿಗೆ ಡೀಸೆಲ್ ಎಲ್ಲಿಂದ ಬಂತು? ಬಿರಿಯಾನಿ ಪೊಟ್ಟಣ ಹಂಚಿದವರನ್ನು ಯಾವ ದೇಶದವರೆಂದು ವಿಚಾರಿಸಿದಿರಾ? ಕೂಲಿ ಪಡೆದು ಜೈಕಾರ ಹಾಕಿದವರ ಮೇಲೆ ನಿಮಗೆ ಅನುಮಾನವೇ ಬರಲಿಲ್ಲ, ಏಕೆಂದರೆ ಅವರ ರಸೀದಿಗಳು ಸರಿಯಾಗಿದ್ದವು. ನೆರೆಯವನ ಹೊಲದಲ್ಲಿ ಸುಮ್ಮನೆ ಬೆನ್ನು ಬಗ್ಗಿಸುವವರೂ ಈ ಲೋಕದಲ್ಲಿರುತ್ತಾರೆ ಎಂದರೆ ನಂಬಲಾಗದಷ್ಟು ಒಂಟಿಯಾಗಿ ಬೆಳೆದಿರಾ, ಸ್ವಾಮಿ?

ಇಪ್ಪತ್ತಮೂರು ಜನರನ್ನೂ ಎರಡೆರಡು ಸಲ ಘಟ್ಟದ ಕೆಳಗಿನ ಕಚೇರಿಗೆ ಕರೆಸಿದಿರಿ. ಇಡೀ ದಿನ ಬೆಂಚಿನ ಮೇಲೆ ಕೂರಿಸಿ, ಕೊನೆಗೆ ಮತ್ತೆ ಬನ್ನಿ ಎಂದಿರಿ. ವೃಷಭೇಂದ್ರ ನಲವತ್ತೊಂದು ಮತಗಳಿಂದ ಸೋತ. ಅದಕ್ಕೆ ನಾನು ಅಳಲಿಲ್ಲ. ಅತ್ತದ್ದು ಮೊನ್ನೆ, ಈ ಸಲದ ರಾಗಿಯ ಕಳೆಗೆ ಜನರನ್ನು ಕರೆಯಲು ಹೋದಾಗ. ಒಬ್ಬರಿಗೆ ಮೈ ಸರಿಯಿಲ್ಲ, ಇನ್ನೊಬ್ಬರ ಮನೆಗೆ ನೆಂಟರು. ಮುಯ್ಯಾಳಿಗೆ ಎಲ್ಲರಿಗಿಂತ ಮೊದಲು ಬರುವ ಒಬ್ಬ ಹಿರಿಯಜ್ಜಿ ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಮುಂದಕ್ಕೆ ಹಾಕಿದರು.

“ಬತ್ತೀನಿ ಕಣ್ ಗೌರವ್ವ, ಬರಕಿಲ್ಲ ಅನ್ನಕಿಲ್ಲ. ಆದ್ರ ಯಾರ್ ಕೇಳುದ್ರೂವೆ ನನ್ನೆಸ್ರ ಏಳ್ಬ್ಯಾಡ. ಪಿಂಚಣಿ ನಿಂತೋದಾತು.”

ಹೆಸರು ಬಿಟ್ಟರೆ ಜಗಳಕ್ಕೆ ಬರುತ್ತಿದ್ದ ಊರು ಇದು. ಮಾರನೆಯ ದಿನ ಹೊಲಕ್ಕೆ ಬಂದವರು ಅವರೊಬ್ಬರೇ, ಮುಖಕ್ಕೆ ಸೆರಗು ಎಳೆದುಕೊಂಡು, ಹಿಂದಿನ ದಾರಿಯಿಂದ. ನನ್ನ ಎದೆ ಒಡೆದುಹೋಯಿತು.

ಇನ್ನು ನನ್ನ ಬೇಡಿಕೆ. ಆ ವರದಿಯನ್ನು ಹಿಂದಕ್ಕೆ ಪಡೆಯಿರಿ. ನಮ್ಮೂರಿಗೆ ಬಂದು, ಎಲ್ಲರೆದುರು ನಿಂತು, ಇಪ್ಪತ್ತಮೂರು ಹೆಸರನ್ನೂ ಒಂದೊಂದಾಗಿ ಓದಿ, ಇವರು ಯಾರ ಕೂಲಿಯ ಆಳುಗಳೂ ಅಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಗಟ್ಟಿಯಾಗಿ ಓದಿ, ಆ ಅಜ್ಜಿಗೆ ಕಿವಿ ಮಂದ. ಅವರ ಹೆಸರು ನಿಮ್ಮ ಪಟ್ಟಿಯಲ್ಲಿದೆ. ನಾನು ಇಲ್ಲಿ ಬರೆಯುವಂತಿಲ್ಲ, ಮಾತು ಕೊಟ್ಟಿದ್ದೇನೆ. ನನ್ನ ಹೊಲದಲ್ಲಿ ದುಡಿದವರ ಹೆಸರನ್ನು ಹುಟ್ಟಿದ ಮೇಲೆ ಇದೇ ಮೊದಲ ಸಲ ಬಿಡುತ್ತಿದ್ದೇನೆ.

ಇಂತಿ,
ಇಪ್ಪತ್ತನಾಲ್ಕನೆಯ ಹೆಸರನ್ನು ತಾನಾಗಿಯೇ ನೆನಪಿಸಿದ ತಪ್ಪಿತಸ್ಥೆ,
ಮಂಗಳಗೌರಿ
ತಿಗನಾರೆ