ಎರಡು ಅಂಗುಲ ಮೇಲೆದ್ದ ಊರು

ಧಾರವಾಡ, ೧೪ ಮೇ ೧೯೩೯

ಮಾನ್ಯ ಭೂಮಾಪನ ಅಧಿಕಾರಿಗಳವರೇ,

ಕಾರವಾರ ಸೀಮೆಯ ತೆಂಕಬೇಲೆ ಎಂಬ ಮೀನುಗಾರರ ಊರಿನಲ್ಲಿ ಉಳಿದಿರುವ ಹದಿನೇಳು ಮನೆಗಳವರು ಬೆನ್ನಿಗಿರುವ ಗುಡ್ಡದ ಮೇಲೆ ಗುಡಿಸಲು ಕಟ್ಟಿಕೊಳ್ಳಲು ಅಪ್ಪಣೆ ಬೇಡಿದ್ದರು. ಸಮುದ್ರ ಅವರ ಅಂಗಳಕ್ಕೆ ಬಂದಿದೆ. ಮುಂಗಾರು ತರುವ ಮಿರ್ಗದ ಮಳೆಗೆ ಇನ್ನು ಮೂರು ವಾರವಿದೆ. ನೀವು ಆ ಅರ್ಜಿಯನ್ನು ತಳ್ಳಿಹಾಕಿದ್ದೀರಿ. ಸರ್ಕಾರಿ ಅಳತೆಯ ಪ್ರಕಾರ ಆ ಊರಿನ ನೆಲ ಇಪ್ಪತ್ತೈದು ವರ್ಷಗಳಲ್ಲಿ ತಗ್ಗಿಲ್ಲವಂತೆ, ಬದಲಿಗೆ ಎರಡು ಅಂಗುಲ ಮೇಲೆದ್ದಿದೆಯಂತೆ. ಆ ಅಳತೆ ಮಾಡಿದವನು ನಾನು. ಅದು ಸುಳ್ಳು. ಇದನ್ನು ಮೂರು ಸಲ ನಿಮ್ಮ ಕಚೇರಿಗೆ ಬರೆದು ಸಾಕಾಗಿ, ಈಗ ಪತ್ರಿಕೆಯಲ್ಲಿ, ನಾಲ್ಕು ಜನ ಓದುವಲ್ಲಿ ಬರೆಯುತ್ತಿದ್ದೇನೆ.

ಸಮುದ್ರ ಏರಿತೇ, ಭೂಮಿ ಕುಸಿಯಿತೇ ಎಂಬ ಚರ್ಚೆ ನಿಮ್ಮ ಕಡತದಲ್ಲಿ ನಲವತ್ತು ಪುಟಗಳಷ್ಟು ಬೆಳೆದಿದೆಯೆಂದು ಕೇಳಿದ್ದೇನೆ. ಘನವಾದ ಪ್ರಶ್ನೆ. ಸಮುದ್ರ ಏರಿದ್ದರೆ ಅದನ್ನು ಬಂದರಿನವರು ನೋಡಿಕೊಳ್ಳಬೇಕು. ಭೂಮಿ ಕುಸಿದಿದ್ದರೆ ನೀವು. ಗುಡ್ಡವಂತೂ ಜಂಗಲ್ ಖಾತೆಯವರದು. ಎರಡೂ ಆಗಿಲ್ಲವೆಂದರೆ ಮೂರೂ ಕಚೇರಿಗಳು ಮಧ್ಯಾಹ್ನದ ಚಹಾ ನೆಮ್ಮದಿಯಿಂದ ಕುಡಿಯಬಹುದು. ನನ್ನ ಎರಡು ಅಂಗುಲ ನಿಮಗೆಲ್ಲ ಎಂಥ ಉಪಕಾರ ಮಾಡಿದೆ ನೋಡಿ! ಆದರೆ ಒಂದು ಮಾತು ಕೇಳುತ್ತೇನೆ. ಕಳೆದ ಆಷಾಢದಲ್ಲಿ ಅಲ್ಲಿ ಒಂಬತ್ತು ಮನೆಗಳು ಹೋದವಲ್ಲ, ಅವು ಎಲ್ಲಿಗೆ ಹೋದವು? ಮೇಲೇಳುವ ನೆಲದ ಜೊತೆ ಆಕಾಶಕ್ಕೆ ಹೋದವೇ?

ನಡೆದದ್ದನ್ನು ಹೇಳುತ್ತೇನೆ. ೧೯೦೬ರಲ್ಲಿ ನಾನು ಇಪ್ಪತ್ತಮೂರರ ಹುಡುಗ, ಕರಾವಳಿಯ ಅಳತೆಗೆ ಹೊರಟ ಇಂಗ್ಲಿಷ್ ದೊರೆಯ ದುಭಾಷಿ. ತೆಂಕಬೇಲೆಯ ದಂಡೆಯಲ್ಲಿ ಬಾಣದ ಗುರುತು ಕೆತ್ತಿದ ಕಲ್ಲೊಂದನ್ನು ನಾವು ನೆಟ್ಟೆವು. ಅತಿ ದೊಡ್ಡ ಉಬ್ಬರದ ಗೆರೆಗಿಂತ ಸರಿಯಾಗಿ ಹನ್ನೊಂದು ಅಡಿ ಎತ್ತರದಲ್ಲಿ. ಕಲ್ಲನ್ನು ಯಾರಾದರೂ ಮಸಾಲೆ ಅರೆಯಲು ಒಯ್ದಾರೆಂದು ದೊರೆಗೆ ಹೆದರಿಕೆ. ಜನಕ್ಕೆ ಗಟ್ಟಿಯಾಗಿ ಹೇಳು ಎಂದ. ಅವನು ಹೇಳಿದ್ದು ಒಂದೇ ಮಾತು, ಕಲ್ಲನ್ನು ಮುಟ್ಟಬಾರದು ಎಂದು. ನಾನು ಅದಕ್ಕೆ ಬಣ್ಣ ಹಚ್ಚಿದೆ. "ಈ ಕಲ್ಲು ಇರುವ ತನಕ ನಿಮ್ಮ ಊರು ಸರ್ಕಾರದ ಪುಸ್ತಕದಲ್ಲಿ ಇರುತ್ತದೆ" ಎಂದು ಬಿಟ್ಟೆ. ಎಲ್ಲರೂ ಕೈ ಮುಗಿದರು. ನನಗೆ ಹೆಮ್ಮೆಯಾಯಿತು.

೧೯೩೧ರಲ್ಲಿ ಮರು ಅಳತೆಗೆ, ಅಷ್ಟರಲ್ಲಿ ಅಳತೆಗಾರನಾಗಿದ್ದ ನನ್ನನ್ನೇ ಕಳಿಸಿದಿರಿ. ಕಲ್ಲಿಗೆ ಕುಂಕುಮ, ದಾಸವಾಳ, ಮುಂದೆ ಒಡೆದ ತೆಂಗಿನಕಾಯಿ. ನಾನು ನಕ್ಕೆ. ಗಜಕೋಲು ಹಿಡಿಯುವ ಖಲಾಸಿ ಹಳೇ ಹುಬ್ಬಳ್ಳಿಯ ಮಕಬೂಲಸಾಬ ನಗಲಿಲ್ಲ. ಅವನು ಕೂತು ಕಲ್ಲಿನ ಬುಡವನ್ನು ಬೆರಳಿನಿಂದ ಕೆದರಿ ನೋಡಿದ.

"ರಾವಸಾಹೇಬ್ರ, ಇದಕ್ಕ ಹಳೇ ಗಚ್ಚು ಇಲ್ರಿ. ಮಣ್ಣು ಹೊಸಾದೈತಿ. ನನಗ್ಯಾಕೋ ಈ ಕಲ್ಲು ಜಾಗಾ ಬಿಟ್ಟೈತಿ ಅನಸಾಕತ್ತೈತ್ರಿ. ಹೆದ್ದಾರಿ ಕಲ್ಲಿನಿಂದ ಒಮ್ಮೆ ತಾಳೆ ನೋಡೂಣೇನ್ರಿ?"

ಎತ್ತರ ಖಚಿತವಾಗಿ ಗೊತ್ತಿದ್ದ ಇನ್ನೊಂದು ಸರ್ಕಾರಿ ಅಳತೆಗಲ್ಲು ಅದು, ಎಂಟು ಮೈಲು ಒಳಗೆ ಹೆದ್ದಾರಿಯಲ್ಲಿತ್ತು. ಅಲ್ಲಿಂದ ದುರ್ಬೀನು ಹೊತ್ತು ಅಳೆಯುತ್ತ ಬರಲು ನಾಲ್ಕು ದಿನ ಬೇಕು. ಮೂರನೆಯ ದಿನ ಧಾರವಾಡದಲ್ಲಿ ಗೆಳೆಯರ ಮನೆಯಲ್ಲಿ ಗಾಯನದ ಬೈಠಕ್ ಇತ್ತು, ಪುಣೆಯಿಂದ ಗವಾಯಿ ಬರುವವರಿದ್ದರು. "ಕಲ್ಲಿಗೆ ಕಾಲು ಬಂದಾವೇನೋ ಮಕಬೂಲಾ?" ಎಂದೆ. ಉಬ್ಬರದ ಗೆರೆಯಿಂದ ಕಲ್ಲಿನ ಎತ್ತರ ಹಿಡಿದೆವು: ಹನ್ನೊಂದು ಅಡಿ ಎರಡು ಅಂಗುಲ. ಬರೆದೆ, ಸಹಿ ಹಾಕಿದೆ, ಹುಬ್ಬಳ್ಳಿಯ ಮೋಟಾರು ಹತ್ತಿದೆ. ಬೈಠಕ್ಕಿನ ಗಾಯನ ಬಹಳ ಛಲೋ ಆಯಿತು. ಅದನ್ನು ಹೇಳಲು ಇಂದು ನಾಚಿಕೆಯಾಗುತ್ತದೆ.

ಕಳೆದ ಮಳೆಗಾಲದ ಸುದ್ದಿ ಕೇಳಿ, ಮಳೆಗೆ ನಿಂತಿದ್ದ ಮೋಟಾರು ಕಾರ್ತಿಕದಲ್ಲಿ ಮತ್ತೆ ಶುರುವಾದ ಮೇಲೆ ಅಲ್ಲಿಗೆ ಹೋದೆ. ಆಗಲೇ ನಾನು ಪಿಂಚಣಿದಾರ, ಯಾರೂ ಕಳಿಸಿರಲಿಲ್ಲ. ದಂಡೆಯಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಬೀರಮ್ಮ ಎಂಬ ಮುದುಕಿ ನನ್ನ ಗುರುತು ಹಿಡಿದಳು. ಎದ್ದು ಬಂದು ನನಗೇ ಸಮಾಧಾನ ಹೇಳಿದಳು.

"ಹೆದರ್ಬೇಡಿ ಒಡೆಯಾ. ನಿಮ್ಮ ಕಲ್ಲಿಗೆ ಏನೂ ಆಗ್ಲಿಲ್ಲ. ನಮ್ಮ ಹುಡುಗ್ರು ಮೇಲೆ ತಂದಿಟ್ರು."

ಆಗ ಎಲ್ಲ ಹೊರಬಿತ್ತು. ಸಮುದ್ರ ಹತ್ತಿರ ಬಂದಾಗಲೆಲ್ಲ ಅವರು ಮೊದಲು ಕಲ್ಲನ್ನು, ಆಮೇಲೆ ಮನೆಗಳನ್ನು ಮೇಲಕ್ಕೆ ಸಾಗಿಸುತ್ತಿದ್ದರು. ನಾನು ಮರು ಅಳತೆಗೆ ಹೋಗುವ ಹೊತ್ತಿಗೇ ಮೂರು ಸಲ ಸಾಗಿಸಿದ್ದರು. ಸರ್ಕಾರಕ್ಕೆ ಮೋಸವಾಗಬಾರದಲ್ಲ, ಅದಕ್ಕೆ ನಾವು ಇಟ್ಟ ಹನ್ನೊಂದು ಅಡಿಯ ಎತ್ತರಕ್ಕೆ ಒಂದು ಬಿದಿರ ಗಳ ಕತ್ತರಿಸಿ ಗುಡಿಯಲ್ಲಿ ಕಾದಿಟ್ಟಿದ್ದರು. ಹೊಸ ಉಬ್ಬರದ ಗೆರೆಯಲ್ಲಿ ಗಳ ನಿಲ್ಲಿಸಿ, ಅದರ ತುದಿಗೆ ಸಮನಾದ ಜಾಗ ಹುಡುಕಿ, ಕಾಯಿ ಒಡೆದು ಕಲ್ಲು ನೆಡುತ್ತಿದ್ದರು. ಗಳದ ಬುಡ ಕೊಳೆಯದಿರಲೆಂದು ಕಬ್ಬಿಣದ ಗೊರಸು ತೊಡಿಸಿದ್ದರು. ಅದರ ದಪ್ಪ ಅಳೆದು ನೋಡಿದೆ. ಎರಡು ಅಂಗುಲ. ಅಧಿಕಾರಿಗಳೇ, ತೆಂಕಬೇಲೆಯಲ್ಲಿ ಮೇಲೆದ್ದದ್ದು ಭೂಮಿಯಲ್ಲ, ಕಮ್ಮಾರನ ಗೊರಸು.

"ಯಾಕೆ ಹೊತ್ತಿರಿ ತಾಯಿ?" ಎಂದೆ.

"ಕಲ್ಲು ಮುಳುಗಿದ್ರೆ ನಮ್ಮೂರು ಪುಸ್ತಕದಾಗೆ ಇರೂದಿಲ್ಲ ಅಂತ ನೀವೇ ಹೇಳಿದ್ರಲ್ಲ ಒಡೆಯಾ?"

ಆಷಾಢದ ಆ ಮುಂಜಾನೆ ನೀರು ನುಗ್ಗಿದಾಗ ಎಲ್ಲರೂ ಗುಡ್ಡದ ಬುಡಕ್ಕೆ ಓಡಿದ್ದರು. ಎಲ್ಲರೂ ಬದುಕುತ್ತಿದ್ದರು. ಕಲ್ಲು ಕೆಳಗೇ ಉಳಿಯಿತೆಂದು ಮೂವರು ಮತ್ತೆ ಇಳಿದರು. ಇಬ್ಬರು ಮೇಲಿನಿಂದ ಎಳೆದರು. ಬೀರಮ್ಮನ ಮಗ ದೇವು ಕೆಳಗಿನಿಂದ ಹೆಗಲು ಕೊಟ್ಟ. ಕಲ್ಲು ಬಂತು. ದೇವು ಬರಲಿಲ್ಲ. ಇದನ್ನು ಆಕೆ ದೂರಿನಂತೆ ಹೇಳಲಿಲ್ಲ. ಒಪ್ಪಿಸಿದ ಕೆಲಸ ಮುಗಿಸಿದೆವೆಂದು ವರದಿ ಕೊಟ್ಟಂತೆ ಹೇಳಿದಳು.

ನಾನು ಅವನ ಮುಖ ನೋಡಿದವನಲ್ಲ. ಆದರೂ ಧಾರವಾಡದ ಈ ಎತ್ತರದಲ್ಲಿ, ಸಮುದ್ರದ ಗಾಳಿಯೂ ಮುಟ್ಟದ ಊರಿನಲ್ಲಿ, ಅವನು ನನ್ನ ಮನೆಗೆ ಬರುತ್ತಾನೆ. ಸ್ನಾನಕ್ಕೆ ಕೂತರೆ ಹಂಡೆಯ ನೀರು ಅಂಚಿಗೆ ಎಷ್ಟು ಕೆಳಗಿದೆಯೆಂದು ನೋಡುತ್ತ ಕೂತುಬಿಡುತ್ತೇನೆ. "ಏನ್ರಿ ಅದು, ನೀರು ಅಳೀಲಿಕ್ಕತ್ತೀರೇನು? ಆರಿ ಹೋತು, ಲಗೂ ಏಳ್ರಿ" ಎಂದು ನನ್ನ ಹೆಂಡತಿ ಕಾಶೀಬಾಯಿ ಬಾಗಿಲಲ್ಲಿ ನಿಂತು ಕೂಗುತ್ತಾಳೆ. ಬೈಠಕ್ಕಿಗೆ ಹೋಗುವುದನ್ನು ಬಿಟ್ಟಿದ್ದೇನೆ. ತಂಬೂರಿ ಮೀಟಿದೊಡನೆ ಅದರ ಹಿಂದೆ ನೀರು ನುಗ್ಗುವ ಸದ್ದು ಕೇಳುತ್ತದೆ. ಮಕಬೂಲಸಾಬನಲ್ಲಿ ತಪ್ಪೊಪ್ಪಿಕೊಳ್ಳೋಣವೆಂದು ಹುಬ್ಬಳ್ಳಿಗೆ ಹೋದೆ. ಅವನು ತೀರಿಕೊಂಡು ಎರಡು ವರ್ಷವಾಗಿತ್ತು.

ಇದನ್ನೆಲ್ಲ ನಿಮಗೆ ಬರೆದಾಗ ನೀವು ಚುರುಕಾಗಿ ಕೆಲಸ ಮಾಡಿದಿರಿ, ಒಪ್ಪುತ್ತೇನೆ. ಸರ್ಕಾರಿ ಕಲ್ಲು ಸರಿಸಿದ ಅಪರಾಧಕ್ಕೆ ಹದಿನೇಳು ಮನೆಗಳಿಗೂ ನೋಟೀಸು ಹೋಯಿತು. ಒಂದು ತಿಂಗಳೊಳಗೆ ಕಲ್ಲನ್ನು ಮೂಲ ಸ್ಥಳದಲ್ಲಿ ನೆಡತಕ್ಕದ್ದು! ಮೂಲ ಸ್ಥಳ ಈಗ ಎಲ್ಲಿದೆಯೆಂದು ಬರೆದ ಗುಮಾಸ್ತನಿಗೆ ಗೊತ್ತೇ? ಅವರು ನೋಟೀಸನ್ನು ಪಾಲಿಸಿದರು. ಕಲ್ಲನ್ನು ದೋಣಿಯಲ್ಲಿ ಒಯ್ದು, ಹಿರಿಯರು ತೋರಿಸಿದ ಕಡೆ ನೀರಿಗೆ ಇಳಿಸಿ ಬಂದರು. ಕಲ್ಲು ಸರಿಸಿದ ತಪ್ಪಿಗೇ ಅರ್ಜಿ ತಿರಸ್ಕಾರವಾಯಿತೆಂದು ನಂಬಿ, ಈಗಲಾದರೂ ಗುಡ್ಡ ಸಿಕ್ಕೀತೆಂದು ಕಾಯುತ್ತಿದ್ದಾರೆ.

ಸಮುದ್ರ ಏರಿತೋ ಭೂಮಿ ಇಳಿಯಿತೋ ನನಗೆ ಗೊತ್ತಿಲ್ಲ. ಹೊಳೆಯ ಬಾಯಿ ಸರಿದು ಉಸುಕು ಕೊಚ್ಚಿಹೋಗಿರಲೂಬಹುದು. ಅದನ್ನು ತಿಳಿಯಲು ಕದಲದ ಒಂದು ಕಲ್ಲು ಬೇಕಿತ್ತು. ಅದು ಕದಲುವಂತೆ ಮಾಡಿದ್ದು ನನ್ನ ನಾಲಿಗೆ, ಕದಲಿಲ್ಲವೆಂದು ಬರೆದದ್ದು ನನ್ನ ಕೈ. ಹೆದ್ದಾರಿಯ ಕಲ್ಲಿನಿಂದ ಮರು ಅಳತೆ ಮಾಡಿಸಿ, ನಾನೇ ಗಜಕೋಲು ಹಿಡಿಯುತ್ತೇನೆ. ಚರ್ಚೆಯನ್ನು ಇನ್ನೂ ನಲವತ್ತು ಪುಟ ಬೆಳೆಸಿ. ಆದರೆ ಮೊದಲು ನನ್ನ ಅಳತೆಯನ್ನು ಹೊಡೆದುಹಾಕಿ, ನೋಟೀಸು ಹಿಂತೆಗೆದು, ಮಿರ್ಗಕ್ಕೆ ಮುಂಚೆ ಅವರಿಗೆ ಗುಡ್ಡ ಕೊಡಿಸಿ.

ಅಲ್ಲಿಯ ಸಾಲಿ ಮಾಸ್ತರ ಗಿರಿಯಪ್ಪ ಮೊನ್ನೆ ಕಾರ್ಡು ಬರೆದಿದ್ದಾರೆ. ಗುಡ್ಡ ನೂರು ಮಾರು ದೂರದಲ್ಲಿದೆ, ಬೇಲಿಯೂ ಇಲ್ಲ. ಆದರೂ ಹುಕುಂ ಇಲ್ಲದೆ ಒಬ್ಬರೂ ಕಾಲಿಡುತ್ತಿಲ್ಲವಂತೆ. ಬೀರಮ್ಮ ಕೇಳಿಸಿದ್ದಾಳೆ: "ನೀರು ಬಂದ್ರೆ ಹತ್ಬಹುದೋ, ಇಲ್ವೋ, ಒಡೆಯರನ್ನ ಕೇಳಿ ಬರೀರಿ."

ಉತ್ತರ ನಿನ್ನೆಯೇ ಅಂಚೆಗೆ ಹಾಕಿದ್ದೇನೆ. "ಸರ್ಕಾರದ ಅಪ್ಪಣೆಯಾಗಿದೆ, ಇವತ್ತೇ ಹತ್ತಿರಿ" ಎಂದು ಬರೆದು ನನ್ನ ಸಹಿ ಹಾಕಿದ್ದೇನೆ. ಅವರು ಹತ್ತುತ್ತಾರೆ, ನನ್ನ ಮಾತನ್ನು ಅವರು ಯಾವತ್ತೂ ಮೀರಿದವರಲ್ಲ. ಈ ಸುಳ್ಳನ್ನು ನಿಜ ಮಾಡುತ್ತೀರೋ, ಗುಡ್ಡಕ್ಕೆ ಪೋಲೀಸರನ್ನು ಕಳಿಸಿ ಅವರನ್ನು ಮತ್ತೆ ನೀರಿಗೆ ಇಳಿಸುತ್ತೀರೋ, ಮೂರು ವಾರದೊಳಗೆ ತೀರ್ಮಾನಿಸಿ.

ಇಂತಿ,
ನಿಮ್ಮ ಕಡತದಲ್ಲಿ ಇಂದಿಗೂ ನಂಬಿಗಸ್ತನೆಂದು ದಾಖಲಾಗಿರುವ,
ಪಂಢರಿನಾಥ ಕೃ. ಹೆಬಸೂರ
ನಿವೃತ್ತ ಅಳತೆಗಾರ