ನಿಧಾನ ಹೋದಾಗ ಮಾತ್ರ

24 ನವೆಂಬರ್, ಸೋಮವಾರ

ಗಾಳಿ ಚೆಕ್ ಮಾಡಿಸಿದೆ. ಮುಂದಿನದು ಸರಿ, ಹಿಂದಿನದು ಸರಿ. ಟಯರೂ ಹೊಸದೇ. ಆದರೂ ಮಿಲ್ ಗೇಟ್ ಹತ್ತಿರ ಮತ್ತೆ ಅದೇ ಹಾಡು. ಶಿಫ್ಟ್ ಬಿಟ್ಟ ಜನರ ನಡುವೆ, ಫಸ್ಟ್ ಗೇರಿನಲ್ಲಿ, ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ. ತಿದ್ದಲು ಹೋದರೆ ಇನ್ನಷ್ಟು. ಕಾಲು ಕೆಳಗಿಟ್ಟು ನಿಂತೆ. ವಾಚ್‌ಮನ್ ನಕ್ಕ. ನಗಲಿ.

ವಿಚಿತ್ರ ಅಂದರೆ ಹಳಿಯಾಳ ರೋಡಿಗೆ ಬಿದ್ದು ಸ್ವಲ್ಪ ಸ್ಪೀಡ್ ಹಿಡಿದರೆ ಸಾಕು, ಗೆರೆ ಎಳೆದ ಹಾಗೆ ನೆಟ್ಟಗೆ. ನಿಧಾನ ಹೋದಾಗ ಮಾತ್ರ ಕಾಟ. ದೀಪಾವಳಿ ಆದಮೇಲೆ ಶುರುವಾದದ್ದು.

ಶನಿವಾರ ಮಾರ್ಕೆಟ್ ತಿರುವಿನಲ್ಲಿ ಬಿದ್ದದ್ದೂ ಹೀಗೇ. ಹಿಂದೆ ನೀಲಕ್ಕ ಕೂತಿದ್ದಳು. ಟೊಮೆಟೊ ರಸ್ತೆ ತುಂಬ. ಅವಳ ಮೊಣಕೈ ತರಚಿದೆ, ಎಲುಬಿಗೆ ಏನೂ ಆಗಿಲ್ಲ ಅಂದರು ಡಾಕ್ಟರು. ಬಿದ್ದಲ್ಲಿಂದ ಎದ್ದು ಸೆರಗು ಜಾಡಿಸಿ, ನನ್ನ ಮುಖ ಕೂಡ ನೋಡದೆ ಆಟೋ ಹತ್ತಿದಳು. ಗಂಡನ ಗಾಡಿ ಅಲ್ಲೇ ಬಿದ್ದಿದೆ, ಹೆಂಡತಿ ಆಟೋದಲ್ಲಿ! ನನಗೆ ಮಂಡಿಗಿಂತ ಅದೇ ಜಾಸ್ತಿ ನೋಯುತ್ತಿದೆ.

ಅಂದಿನಿಂದ ಹಿಂದೆ ಕೂತಿಲ್ಲ. ಕೇಳಿದರೆ, "ನಡಕೊಂಡ ಹೋಗ್ತೇನಿ, ಮೈಗೆ ಛಲೋ" ಅಂತಾಳೆ. ಮದುವೆಯಾದಾಗಿನಿಂದ ಪ್ರತಿ ವರ್ಷ ಜಾತ್ರೆಯ ಗದ್ದಲಕ್ಕೆ ಮುಂಚೆ ಉಳವಿಗೆ ಗಾಡಿ ಮೇಲೆ ಹೋಗುತ್ತೇವೆ, ಇಬ್ಬರೇ. ಈ ಸಲ ಬಸ್ಸಿಗೆ ಹೋಗೂಣು ಅಂದಳು. ಬಸ್ಸಿಗೆ! ಜನವರಿಯೊಳಗೆ ಇದನ್ನು ಸರಿ ಮಾಡಲೇಬೇಕು.

ಮಿಲ್ಲಿನಲ್ಲಿ ನನ್ನ ಕೆಲಸವೇ ರೋಲರುಗಳ ಬೇರಿಂಗ್ ನೋಡುವುದು. ಅಲ್ಲಿ ಹೊಸ ಹುಡುಗರಿಗೆ ಹೇಳುತ್ತೇನೆ— ಒಂದೊಂದೇ ಬದಲಾಯಿಸಿ ನೋಡ್ರಿ, ಎರಡು ಒಟ್ಟಿಗೆ ಮುಟ್ಟಬ್ಯಾಡ್ರಿ. ಇಲ್ಲೂ ಹಾಗೇ ಮಾಡಬೇಕು.

26 ನವೆಂಬರ್, ಬುಧವಾರ

ಡ್ಯೂಟಿ ಮುಗಿಸಿ ಸುಭಾಸನ ಗ್ಯಾರೇಜಿಗೆ. ನಂಬಿಕೆಯ ಮನುಷ್ಯ, ಆದರೆ ಅವಸರ ಮಾಡಿದರೆ ಆಗಲ್ಲ. ಮೊದಲು ಸಾಬೂನು ಹಚ್ಚಿ ಕೈ ತೊಳೆದ. ಹ್ಯಾಂಡಲ್ ಕೆಳಗೆ ಕಟ್ಟಿದ್ದ ದೇವರ ಗಂಟಿನ ದಾರವನ್ನು ಬ್ಲೇಡಿನಿಂದ ಕೊಯ್ದು, ಗಂಟನ್ನು ಕಣ್ಣಿಗೆ ಒತ್ತಿಕೊಂಡು, ಗೋಡೆಯ ಫೋಟೋ ಮುಂದೆ ಇಟ್ಟ. ಆಮೇಲೆ ಸ್ಪ್ಯಾನರ್.

"ಗ್ರೀಸ್ ಕೈ ಹಚ್ಚಬಾರದ್ರಿ ಕಾಕಾ. ಉಳವಿಂದು ಅಂದ್ರ ಆಟಾನ?"

ಹೋದ ವರ್ಷ ತಂದ ವಿಭೂತಿ ಗಟ್ಟಿ, ಎರಡು ಉತ್ತತ್ತಿ, ಕಾವಿ ಬಟ್ಟೆಯಲ್ಲಿ ಕಟ್ಟಿದ್ದು. ನೀಲಕ್ಕನ ಖಾತೆ. ಪ್ರತಿ ಅಮಾವಾಸ್ಯೆಗೆ ನಾನು ಗಾಡಿ ತೊಳೆಯುವುದು, ಅವಳು ಹೊಸ ದಾರ ಸುತ್ತಿ ಊದಿನಕಡ್ಡಿ ಬೆಳಗುವುದು.

ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಗಾಲಿ ಎತ್ತಿದ. ಕೋನ್ ಸೆಟ್ ಮೇಲೆ ಅವನ ಅನುಮಾನ. ಹ್ಯಾಂಡಲ್ ತಿರುಗುವ ಕುತ್ತಿಗೆಯೊಳಗಿನ ಗುಂಡುಗಳು ಅವು. ಬಿಗಿಯಾದರೆ ನಿಧಾನಕ್ಕೆ ಹೋಗುವಾಗ ಗಾಡಿ ತೂರಾಡುತ್ತದೆ. ಆದರೆ ಒಂದು ಬೆರಳಿನಿಂದ ದೂಡಿದ್ದೇ ತಡ, ಹ್ಯಾಂಡಲ್ ತಾನೇ ಆ ಕಡೆ ವಾಲಿತು. ಈ ಕಡೆಗೂ ಹಾಗೇ. ಎಲ್ಲೂ ಹಿಡಿಯಲಿಲ್ಲ.

ತಾನೇ ಓಡಿಸಿ ನೋಡಿದ. ಗ್ಯಾರೇಜ್ ಮುಂದೆ ಸಣ್ಣ ಸಣ್ಣ ಸುತ್ತು. "ಬೆಣ್ಣಿ ಹಂಗ ಐತಲ್ರಿ!"

ಮನೆಗೆ ಬಂದೆ. ನಿಜವಾಗಲೂ ಬೆಣ್ಣೆ. ಗಂಟನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ, ನೀಲಕ್ಕನಿಗೆ ಕೊಟ್ಟೆ. ದೀಪ ಹಚ್ಚಿದ ಮೇಲೆ ಅವಳು ಕಟ್ಟಿ ಬಂದಳು. ನಾನು ಚಹಾ ಕುಡಿಯುತ್ತಿದ್ದೆ, ರಾಜನ ಹಾಗೆ.

27 ನವೆಂಬರ್, ಗುರುವಾರ

ಬೆಳಿಗ್ಗೆ ಗೇಟ್ ಹತ್ತಿರ ಮತ್ತೆ ತೂರಾಟ. ಡಾಕ್ಟರ ಮುಂದೆ ಕೆಮ್ಮದ ಹುಡುಗನ ಹಾಗೆ ಇದೂ. ಸಿಟ್ಟು ಬಂದು ಟ್ಯಾಂಕಿಗೆ ಒಂದು ಗುದ್ದಿದೆ. ಕೈ ನೋಯಿತು.

4 ಡಿಸೆಂಬರ್, ಗುರುವಾರ

ಕೋನ್ ಸೆಟ್ಟೇ ಹೊಸದು ಹಾಕಿಸಿದೆ. ಅದಕ್ಕೂ ಮುಂಚೆ ಮುಂದಿನ ಗಾಲಿಯ ಬೇರಿಂಗ್. ಒಂದೊಂದೇ, ಬೇರೆ ಬೇರೆ ದಿನ, ನನ್ನ ನಿಯಮದ ಪ್ರಕಾರ. ಪ್ರತಿ ಸಲವೂ ಅದೇ ಕತೆ. ಸಂಜೆ ಗ್ಯಾರೇಜಿನಿಂದ ಬರುವಾಗ ಗಾಡಿ ಸಾಧು. ಮರುದಿನ ಬೆಳಿಗ್ಗೆ ಹ್ಯಾಂಡಲ್ ಬಿಗಿ, ಯಾರೋ ಹಿಡಿದು ಎಳೆದಂತೆ. ಅಥವಾ ನನ್ನ ರೆಟ್ಟೆಯೇ ಬಿಗಿಯೋ...

ಸುಭಾಸ ಇವತ್ತು ಕೈ ಒರೆಸಿಕೊಳ್ಳುತ್ತ, ಬೇರೆ ಎಲ್ಲೋ ನೋಡುತ್ತ ಕೇಳಿದ. "ಕಾಕಾ, ಸಿಟ್ಟ ಆಗಬ್ಯಾಡ್ರಿ. ಮುಂಜಾನಿ ಎದ್ದಾಗ ಕೈ ಜೋಮು ಹಿಡೀತಾವೇನ್ರಿ?"

"ನನ್ನ ಕೈಗೆ ಏನ್ ಧಾಡಿ ಆಗೇತೋ?" ಅಂದೆ. ಜೋರಾಗಿಯೇ ಅಂದೆ.

ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ. ಸಂಜೆ ಸರಿ, ಬೆಳಿಗ್ಗೆ ಕೆಟ್ಟದ್ದು. ಯಾವ ಕಬ್ಬಿಣ ಹೊತ್ತು ನೋಡಿ ಕೆಡುತ್ತದೆ? ಮೈ ಮಾತ್ರ ಹಾಗೆ ಮಾಡುವುದು.

7 ಡಿಸೆಂಬರ್, ರವಿವಾರ

ಹಳಿಯಾಳದಿಂದ ಸಹನಾ ಫೋನ್. ಶಾಲೆಯ ಮಕ್ಕಳಿಗೆ ಪಾಠ ಮಾಡಿ ಮಾಡಿ ಅಪ್ಪನಿಗೂ ಪಾಠ. "ಅಪ್ಪಾ, ಬೈಕ್ ಸಾಕಿನ್ನ. ಒಂದ ಹಗೂರಾಂದು ಸ್ಕೂಟಿ ತಗೋ. ಅವ್ವ ಎಷ್ಟ ಅಂಜ್ಯಾಳ ಗೊತ್ತೈತೇನು?"

ಅವ್ವ ಅಂಜಿದ್ದು ನನಗೆ ಯಾಕೆ ಗೊತ್ತಿಲ್ಲ? ನನಗೆ ಯಾಕೆ ಹೇಳುವುದಿಲ್ಲ?

ಊಟ ಆದಮೇಲೆ ನೀಲಕ್ಕ ಸೂಜಿ ತಂದಳು. "ಕಣ್ಣ ಕಾಣವಲ್ಲದು, ಸ್ವಲ್ಪ ದಾರ ಪೋಣಿಸಿ ಕೊಡ್ರಿ." ಈಚೆಗೆ ಆಗಾಗ ಕೇಳುತ್ತಾಳೆ. ಕನ್ನಡಕ ಹುಡುಕಿ ಹಾಕಿಕೊಂಡು ಪೋಣಿಸಿದೆ. ಮೊದಲ ಸಲ ತಪ್ಪಿತು, ಆಮೇಲೂ ತಪ್ಪಿತು. ಅವಳು ಎದುರಿಗೇ ಕೂತು ನೋಡುತ್ತಿದ್ದಳು.

ಅವಳಿಗೆ ಕನ್ನಡಕ ಮಾಡಿಸಬೇಕು.

22 ಡಿಸೆಂಬರ್, ಸೋಮವಾರ

ಇಷ್ಟು ದಿನ ಬರೆದಿಲ್ಲ. ನನ್ನ ಅಕ್ಷರ ನೋಡಲು ನನಗೇ ಭಯ.

ಅಪ್ಪನ ಕೈನಡುಕ ಶುರುವಾದದ್ದು ಅಕ್ಷರದಿಂದ. ಶಿವಲಿಂಗಪ್ಪ ಅಂತ ದಪ್ಪಗೆ ಸಹಿ ಮಾಡುತ್ತಿದ್ದವನು, ಬರಬರುತ್ತ ಇರುವೆಯಂಥ ಅಕ್ಷರ. ಆಮೇಲೆ ಕಪ್ಪಿನಡಿಯಲ್ಲಿ ಚಹಾದ ಬಸಿ ಗಲಗಲ. ಆಮೇಲೆ ಬಸಿ ಕೊಡುವುದನ್ನೇ ಬಿಟ್ಟೆವು, ಲೋಟದಲ್ಲಿ ಅರ್ಧ ಹಾಕಿ ಕೊಡುತ್ತಿದ್ದೆವು. ಕೊನೆಗೆ ನೀಲಕ್ಕನೇ ಅವನಿಗೆ ತುತ್ತು ಮಾಡಿ ತಿನ್ನಿಸಿದಳು. ಸೊಸೆಯ ಕೈಯಿಂದ ಉಣ್ಣುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಬಚ್ಚಲಿನಲ್ಲಿ ತಂಬಿಗೆ ತುಂಬಿಸಿ ಕೈ ಚಾಚಿ ಹಿಡಿದು ನೋಡಿದೆ. ನೀರು ಅಲ್ಲಾಡಿತು. ಯಾರ ಕೈಯಲ್ಲಿ ಹಿಡಿದರೂ ಅಲ್ಲಾಡುತ್ತದೆ ಅಂದುಕೊಂಡೆ. ಮಿಲ್ಲಿನಲ್ಲಿ ಜೊತೆಯವನಿಗೆ ಹಿಡಿಸಿ ನೋಡೋಣ ಅನ್ನಿಸಿತು, ನಾಚಿಕೆಯಾಯಿತು.

ಶುಕ್ರವಾರ ಎಳ್ಳ ಅಮಾವಾಸ್ಯೆ ಇತ್ತು. ಗಾಡಿ ತೊಳೆದು ಕೊಟ್ಟೆ. ನೀಲಕ್ಕ ಬಹಳ ಹೊತ್ತು ಪೂಜೆ ಮಾಡಿದಳು. ಮರುದಿನ ಗೇಟಿನ ಬಳಿ ಇನ್ನೂ ಹೆಚ್ಚು ತೂರಾಟ. ಈಗ ಕಾಲೋನಿಯೊಳಗೆ ಗಾಡಿ ತಳ್ಳಿಕೊಂಡೇ ಹೋಗುತ್ತೇನೆ, ಪೆಟ್ರೋಲ್ ಮುಗಿದವನ ಹಾಗೆ.

ಡಾಕ್ಟರ ಹತ್ತಿರ ಹೋಗಬೇಕು. ಉಳವಿಗೆ ಹೋಗಿ ಬಂದ ಮೇಲೆ. ಬಸ್ಸಿಗಾದರೂ ಸರಿ.

10 ಜನವರಿ, ಶನಿವಾರ. ಗಣೇಶಗುಡಿ, ಬೆಳಿಗ್ಗೆ

ನಿನ್ನೆ ಸುಭಾಸನ ಹತ್ತಿರ ಚೈನ್ ಬಿಗಿ ಮಾಡಿಸುತ್ತಿದ್ದೆ, ಅಕ್ಕನ ಫೋನ್ ಬಂತು. ಹೊಳೆವ್ವಕ್ಕ ಇಲ್ಲಿ ಒಂದು ಹೋಂಸ್ಟೇಯಲ್ಲಿ ಅಡಿಗೆ ಮಾಡುತ್ತಾಳೆ. ಜ್ವರ, ಗುಳಿಗೆ ತಂದು ಕೊಡಪ್ಪಾ ಅಂದಳು. ಗ್ಯಾರೇಜಿನಿಂದ ನೇರ ಇಲ್ಲಿಗೇ ಬಂದೆ. ಇಲ್ಲೇ ಉಳಿದೆ.

ಬೆಳಿಗ್ಗೆ ಹಾಲು ತರಲು ಹೋದೆ. ಮುಂದೆ ರಾಫ್ಟಿಂಗಿನವರ ಜೀಪು, ಮೇಲೆ ಊದಿದ ರಬ್ಬರ್ ದೋಣಿ, ಎದುರಿಗೆ ದನ. ನಡೆಯುವವರಿಗಿಂತ ನಿಧಾನ. ಕಾಲು ಕೆಳಗಿಡಲು ತಯಾರಾದೆ. ಬೇಕಾಗಲೇ ಇಲ್ಲ. ಗಾಡಿ ನೆಟ್ಟಗೆ. ಇನ್ನೂ ನಿಧಾನ ಮಾಡಿದೆ. ನೆಟ್ಟಗೆ! ಹಾಲು ತಂದು ಕೊಟ್ಟು ಮತ್ತೆ ಹೋಗಿ ರಸ್ತೆಯಲ್ಲಿ ಎಂಟರ ಆಕಾರ ಸುತ್ತಿದೆ. ಜೀಪಿನ ಹುಡುಗರು ಸೀಟಿ ಹೊಡೆದರು. ಹೊಡೀಲಿ.

ಬೆಳಿಗ್ಗೆ. ಇದೇ ಕೈ. ಚಳಿಯೂ ದಾಂಡೇಲಿಗಿಂತ ಜಾಸ್ತಿ.

ಅಂದರೆ ಕೈ ಅಲ್ಲ.

ಕೂತು ಯೋಚಿಸಿದೆ. ಗ್ಯಾರೇಜಿನಿಂದ ಬಂದ ಗಾಡಿ ನಮ್ಮ ಮನೆಯ ಮುಂದೆ ನಿಂತರೆ ಕೆಡುತ್ತದೆ, ಅಕ್ಕನ ಮನೆಯ ಮುಂದೆ ನಿಂತರೆ ಇಲ್ಲ. ಯಾವುದು ಬೇರೆ? ಒಂದೊಂದೇ ಬದಲಾಯಿಸಿ ನೋಡು ಅಂತ ಊರಿಗೆಲ್ಲ ಹೇಳುವವನು ನಾನು... ಬ್ಯಾಗ್ ತೆಗೆದು ನೋಡಿದೆ. ಪೇಪರಿನಲ್ಲಿ ಸುತ್ತಿದ ಗಂಟು, ನಿನ್ನೆ ಸುಭಾಸ ಕೊಯ್ದು ಕೊಟ್ಟದ್ದು.

ಅದೇ ದಿನ, ಸಂಜೆ

ಮನೆಗೆ ಬಂದು ಗಂಟು ನೀಲಕ್ಕನಿಗೆ ಕೊಟ್ಟೆ. ಈ ಸಲ ಚಹಾ ಬಿಟ್ಟು ಬಾಗಿಲಲ್ಲಿ ನಿಂತು ನೋಡಿದೆ.

ಗಂಟನ್ನು ಹ್ಯಾಂಡಲ್ ಕೆಳಗಿನ ಪೈಪಿಗೆ ಕಟ್ಟಿದಳು. ಅಲ್ಲಿಗೆ ನಿಲ್ಲಲಿಲ್ಲ. ದಾರವನ್ನು ಹಿಂದೆ ಎಳೆದು, ಟ್ಯಾಂಕಿನ ಮುಂದಿನ ಪೈಪಿಗೂ ಸುತ್ತಿದಳು. ಗಟ್ಟಿಯಾಗಿ, ತುಟಿ ಕಚ್ಚಿಕೊಂಡು, ಮತ್ತೆ ಮತ್ತೆ. ಮೊದಲನೆಯದು ತಿರುಗುವ ಪೈಪು. ಎರಡನೆಯದು ತಿರುಗದ್ದು. ಎರಡಕ್ಕೂ ಕಟ್ಟು ಹಾಕಿದಂತಾಯಿತು.

ನಿಧಾನ ಹೋಗುವಾಗ ಹ್ಯಾಂಡಲ್ ಒಂದೇ ಸಮ ಸಣ್ಣಗೆ ಆಡುತ್ತಿರಬೇಕು, ಹಗ್ಗದ ಮೇಲೆ ನಡೆಯುವವರ ಕೈ ಆಡಿದಂತೆ. ಹಾಗೆ ಆಡಿಯೇ ಗಾಡಿ ಬೀಳದೆ ನಿಲ್ಲುವುದು. ಸ್ಪೀಡ್ ಬಂದರೆ ಅಷ್ಟು ಬೇಕಿಲ್ಲ. ದಾರ ಆ ಆಟವನ್ನೇ ಹಿಡಿದಿತ್ತು. ಸುಭಾಸ ಪ್ರತಿ ಸಲ ಭಕ್ತಿಯಿಂದ ಕೊಯ್ದಿಟ್ಟ ಮೇಲೆಯೇ ಟೆಸ್ಟ್ ಮಾಡುತ್ತಿದ್ದ. ದೇವರದು, ಗಾಡಿಯದಲ್ಲ ಅಂತ ಇಬ್ಬರೂ ಆ ಕಡೆ ನೋಡಲೇ ಇಲ್ಲ.

ಆ ಪೈಪಿಗೆ ಯಾಕೆ ಸುತ್ತಿದಳು ಅಂತಲೂ ನೆನಪಾಯಿತು. ಗಂಟು ಅಲ್ಲಾಡಿ ಹೆಡ್‌ಲೈಟಿಗೆ ಟಕಟಕ ಬಡೀತೈತಿ ಅಂತ ದೀಪಾವಳಿಗೆ ಗೊಣಗಿದವನು ನಾನೇ.

ಸಂತೋಷ ಎಷ್ಟಾಯಿತು ಅಂದರೆ ಒಳಗೆ ಹೋಗಿ ಸುಮ್ಮನೆ ಎರಡು ಕೈ ನೋಡಿಕೊಂಡು ಕೂತೆ. ಆಮೇಲೆ ದಿನ ಲೆಕ್ಕ ಹಾಕಿದೆ. ನವೆಂಬರಿನ ಛಟ್ಟಿ ಅಮಾವಾಸ್ಯೆಗೆ ಹೊಸ ದಾರ ಸುತ್ತಿದ್ದಳು, ಅದಾಗಿ ಎರಡೇ ದಿನಕ್ಕೆ ಬಿದ್ದೆವು. ಅವಳು ಕಟ್ಟಿದ್ದೇ ಅವಳನ್ನು ಬೀಳಿಸಿತು. ಇದನ್ನು ಅವಳಿಗೆ ಹೇಗೆ ಹೇಳುವುದು?

14 ಜನವರಿ, ಬುಧವಾರ

ಹೇಳಿಲ್ಲ. ದಿನಾ ಬೆಳಿಗ್ಗೆ ಕಾಲೋನಿ ಗೇಟಿನ ಆಚೆ ನಿಂತು ಹಿಂದಿನ ಸುತ್ತು ಬಿಚ್ಚುತ್ತೇನೆ, ಸಂಜೆ ಮನೆಗೆ ಬರುವ ಮುಂಚೆ ಸಡಿಲಾಗಿ ಸುತ್ತುತ್ತೇನೆ. ಕಳ್ಳನ ಹಾಗೆ. ಕೋನ್ ಸೆಟ್ ಸರಿಹೋಯಿತು ಅಂತ ಸುಳ್ಳು ಹೇಳಿಬಿಟ್ಟರೆ? ಆದರೆ ರವಿವಾರ ಮತ್ತೆ ಅಮಾವಾಸ್ಯೆ. ಮತ್ತೆ ಸುತ್ತುತ್ತಾಳೆ. ಮುಂದಿನ ಸಲವೂ. ಸುಳ್ಳು ಹೇಳಿದರೆ ಜೀವನಪೂರ್ತಿ ಕದ್ದು ಬಿಚ್ಚುತ್ತಿರಬೇಕು.

ಸಂಕ್ರಾಂತಿ ಎಳ್ಳು ಕೊಟ್ಟಳು. ಕೊಡುವಾಗ ನನ್ನ ಅಂಗೈಯನ್ನೇ ನೋಡಿದಳು.

18 ಜನವರಿ, ರವಿವಾರ. ಅಮಾವಾಸ್ಯೆ

ಗಾಡಿ ತೊಳೆದೆ. ತಲೆಸ್ನಾನ ಮಾಡಿ, ಅರಿಷಿಣ ಹಚ್ಚಿದ ದಾರ ಹಿಡಿದು ಬಂದಳು. ಅವಳು ಸುತ್ತಿ ಮುಗಿಸಲಿ ಅಂತ ಕಾದೆ. ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಗಾಲಿ ಎತ್ತಿ, ಅವಳ ಕೈ ಹಿಡಿದು ಹ್ಯಾಂಡಲ್ ಮೇಲಿಟ್ಟೆ. "ತಿರುಗಿಸು."

ಬಿಗಿ. ಸ್ವಲ್ಪ ಹೋಗಿ ಹಿಂದೆ ಜಗ್ಗಿತು.

ಹಿಂದಿನ ಸುತ್ತು ಕೊಯ್ದೆ. "ಈಗ ತಿರುಗಿಸು."

ಮುಟ್ಟಿದ್ದಷ್ಟೇ. ಹ್ಯಾಂಡಲ್ ತಾನೇ ಆ ಕಡೆ ಹೋಯಿತು.

ಮತ್ತೊಮ್ಮೆ ತಾನೇ ತಿರುಗಿಸಿ ನೋಡಿದಳು. ಒಂದು ವಾರದಿಂದ ಮಾತು ತಯಾರು ಮಾಡಿಕೊಂಡಿದ್ದೆ— ನಿನ್ನ ತಪ್ಪಲ್ಲ, ಟಕಟಕ ಅಂದವ ನಾನು, ದೇವರದಂತೂ ಅಲ್ಲವೇ ಅಲ್ಲ. ಯಾವುದೂ ಬೇಕಾಗಲಿಲ್ಲ.

"ಹಂಗಾದ್ರ..." ಅಂದಳು. "ನಿಮ್ಮ ಕೈಗೆ ಏನೂ ಆಗಿಲ್ಲೇನು?"

"ಇಲ್ಲ."

"ಮಾವನೋರಿಗೆ ಆಧಂಗ ಏನೂ..."

"ಏನೂ ಇಲ್ಲ ನೀಲಾ."

ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ನಗುತ್ತಲೂ ಇದ್ದಳು. ದೀಪಾವಳಿ ದಿನ ನನ್ನ ಕೈಯಲ್ಲಿ ಬಸಿ ಗಲಗಲ ಅಂದಿತಂತೆ. ಅವತ್ತು ಗ್ಯಾಸ್ ಸಿಲಿಂಡರ್ ಹೊತ್ತು ಮೇಲೆ ತಂದಿದ್ದೆ, ಮಾರಾಯ್ತಿಗೆ ಅದು ನೆನಪಿಲ್ಲ!

"ಮತ್ತ ಸೂಜಿ ಯಾಕ ಕೊಡ್ತಿದ್ನಿ ಅಂತ ತಿಳ್ಕೊಂಡಿದ್ರಿ? ನನ್ನ ಕಣ್ಣ ಇನ್ನೂ ಛಲೋ ಅದಾವ."

"ಬಿದ್ದ ದಿನ ಮುಖ ನೋಡಲಿಲ್ಲಲ್ಲ ನೀ?"

"ನೋಡಿದ್ರ ರಸ್ತಾದಾಗ ಅತ್ತ ಬಿಡ್ತಿದ್ನಿ. ನಿಮಗ ಗೊತ್ತಾಗ್ತಿತ್ತು." ಮೂಗು ಒರೆಸಿಕೊಂಡಳು. "ಆ ದಾರ ನಾ ಗಾಡಿಗೆ ಕಟ್ಟಿದ್ದಲ್ರೀ, ನಿಮ್ಮ ಕೈಗೆ ಕಟ್ಟಿದ್ದು. ಕೈಗೆ ಕಟ್ಟಾಕ ಬಂದ್ರ ಯಾಕ ಅಂತ ಕೇಳ್ತಿದ್ರಿ. ನಾ ಏನ್ ಹೇಳ್ಲಿ?"

ಪಕ್ಕದಲ್ಲಿ ಕೂತೆ. ಇಬ್ಬರೂ ಅದೇ ಭಯವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು, ಒಂದೇ ಮನೆಯಲ್ಲಿ ಇಷ್ಟು ದಿನ ಉಂಡು ಮಲಗಿದ್ದೇವೆ.

ಆಮೇಲೆ ಅವಳೇ ಎದ್ದು ಗಂಟು ಬಿಚ್ಚಿದಳು. ಗಾಡಿ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಸೀಟಿನ ಪಕ್ಕದ ಕಂಬಿ ತೋರಿಸಿದಳು. ಅವಳು ಕೂತಾಗ ಹಿಡಿದುಕೊಳ್ಳುವ ಕಂಬಿ. "ಇಲ್ಲಿ ತಿರಗೂದು ಏನೂ ಇಲ್ಲಲ್ಲ?"

"ಇಲ್ಲ."

ಕಟ್ಟಿದಳು. ಕೈಲಾದಷ್ಟು ಗಟ್ಟಿಯಾಗಿ.

19 ಜನವರಿ, ಸೋಮವಾರ. ಬೆಳಿಗ್ಗೆ

ರಜೆ ಹಾಕಿದ್ದೇನೆ. ಬುತ್ತಿ ಕಟ್ಟಿದ್ದಾಳೆ, ರೊಟ್ಟಿ, ಶೇಂಗಾ ಚಟ್ನಿ. ಜೊಯಿಡಾ ದಾಟುವವರೆಗೆ ಮಂಜು ಇರುತ್ತದೆ, ನಿಧಾನ ಹೋಗಬೇಕು. ಹೋಗೋಣ, ಎಷ್ಟು ನಿಧಾನ ಬೇಕಾದರೂ. ಸುಭಾಸನಿಗೆ ಇನ್ನೂ ಹೇಳಿಲ್ಲ, ಬಂದ ಮೇಲೆ ಪ್ರಸಾದದ ಜೊತೆಗೇ—

ಹೊರಗೆ ಹಾರ್ನ್. ಕಿಟಕಿಯಿಂದ ನೋಡಿದೆ— ಸ್ಟ್ಯಾಂಡ್ ಹಾಕಿದ ಗಾಡಿ ಮೇಲೆ, ಹಿಂದಿನ ಸೀಟಿನಲ್ಲಿ, ನಾನು ಹತ್ತುವ ಮುಂಚೆಯೇ ಹತ್ತಿ ಕೂತಿದ್ದಾಳೆ. ಅಲ್ಲಿಂದಲೇ ಬಾಗಿ ಕೈ ಚಾಚಿ ಮತ್ತೆ ಹಾರ್ನ್. ಬಂದೆ ಅಂದರೂ ಕೇಳ—